ಬಾಗಿಲ ಬಳಿಯ ಬೆಂಚು

ದೇವಾಲಯಕ್ಕೆ ಹೋಗುವುದೇಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣವನ್ನು ಹೇಳುವರು. ಒಬ್ಬರಿಗೆ ಮನಶ್ಶಾಂತಿ ಬೇಕು; ಒಬ್ಬರಿಗೆ ಒಳ್ಳೆಯ ಪ್ರಸಂಗ ಬೇಕು; ಇನ್ನೊಬ್ಬರಿಗೆ ಹಿರಿಯರಿಂದ ಬಂದ ವಾಡಿಕೆ ತಪ್ಪಬಾರದು. ಇವುಗಳಲ್ಲಿ ಯಾವುದೂ ಹೀನವಾದ ಉತ್ತರವಲ್ಲ. ಆದರೆ ಇವೆಲ್ಲವೂ ಹೋಗುವವನ ಲಾಭವನ್ನೇ ಎಣಿಸುತ್ತವೆ. ಲಾಭ ಕಾಣದ ದಿನ ಮನೆಯಲ್ಲಿಯೇ ಉಳಿದರಾಯಿತು ಎಂಬ ತೀರ್ಮಾನವೂ ಈ ಲೆಕ್ಕದೊಳಗೇ ಅಡಗಿರುತ್ತದೆ.

ಮಂಗಳೂರಿನ ಒಬ್ಬ ನಿವೃತ್ತ ಉಪಾಧ್ಯಾಯರು ಬಹುಕಾಲ ಈ ಲೆಕ್ಕವನ್ನೇ ಇಟ್ಟುಕೊಂಡಿದ್ದರು. ಪ್ರಸಂಗದಲ್ಲಿ ಹೊಸದೇನೂ ಇಲ್ಲವೆಂದು ಬೇಸರಪಟ್ಟು, ಎಷ್ಟೋ ಆದಿತ್ಯವಾರಗಳಲ್ಲಿ ಜಗಲಿಯ ಮೇಲೆ ಸತ್ಯವೇದವನ್ನು ತೆರೆದುಕೊಂಡು ಕುಳಿತುಬಿಡುತ್ತಿದ್ದರು. "ದೇವರು ಮನೆಯಲ್ಲಿಯೂ ಇದ್ದಾನಷ್ಟೆ" ಎಂದು ಮಡದಿಗೆ ಹೇಳುವರು. "ದೇವರು ಇದ್ದಾನೆ, ಪಕ್ಕದ ಬೆಂಚಿನವರು ಇಲ್ಲ" ಎಂದು ನಕ್ಕು, ಆಕೆ ಕೊಡೆಯನ್ನು ತೆಗೆದುಕೊಂಡು ಹೊರಟುಬಿಡುವರು. ಆಕೆ ತೀರಿಕೊಂಡ ಮೇಲೆ ಹೀಗೆ ನಕ್ಕು ಹೇಳುವವರೂ ಇಲ್ಲವಾದರು. ಜಗಲಿಯ ಆದಿತ್ಯವಾರಗಳು ಹೆಚ್ಚಿದವು.

ಒಂದು ಮಳೆಗಾಲದಲ್ಲಿ ಅವರಿಗೆ ಮುಂಬಯಿಯಿಂದ ಹಳೆಯ ಶಿಷ್ಯನೊಬ್ಬನ ಕಾಗದ ಬಂದಿತು. ತಂದೆಯೊಡನೆ ಕಲಹವಾಗಿ ಅವನು ಮನೆಯನ್ನು ಬಿಟ್ಟಿದ್ದನು. ಊರು ಬಿಡುವ ದಿನ ಬೆಳಗ್ಗೆ ಆರಾಧನೆಗೆ ಬಂದು, ಮಾಸ್ತರರನ್ನು ಕಾಣಬಹುದೆಂದು ಬಾಗಿಲ ಬಳಿ ಕುಳಿತಿದ್ದನಂತೆ. ಕಾಣದೆ ಹೋದುದರಿಂದ ಆಶೀರ್ವಚನಕ್ಕೆ ಮೊದಲೇ ಎದ್ದು, ಸಂಜೆಯ ಬಸ್ಸನ್ನು ಹಿಡಿದನಂತೆ. ಕಾಗದದಲ್ಲಿ ಆಕ್ಷೇಪಣೆಯ ಒಂದು ಮಾತೂ ಇರಲಿಲ್ಲ. "ಮನೆಗೇ ಬರಬಹುದಾಗಿತ್ತಲ್ಲಾ" ಎಂದು ಉಪಾಧ್ಯಾಯರು ಬರೆದರು. ಅದಕ್ಕೆ ಬಂದ ಮರುತ್ತರವು ಅವರನ್ನು ಬಹುದಿನ ಕಾಡಿತು: "ತಮ್ಮ ಮನೆಯ ಬಾಗಿಲನ್ನು ತಟ್ಟಿದರೆ ಬಂದ ಕಾರಣವನ್ನು ಹೇಳಬೇಕಾಗುತ್ತಿತ್ತು. ಅಲ್ಲಿಯಾದರೆ ಏನನ್ನೂ ಹೇಳದೆ ತಮ್ಮ ಪಕ್ಕದಲ್ಲಿ ಕೂರಬಹುದಾಗಿತ್ತು." ತಂದೆಮಕ್ಕಳು ಮತ್ತೆ ಒಬ್ಬರ ಮುಖವನ್ನೊಬ್ಬರು ನೋಡಲು ಮೂರು ವರ್ಷಗಳು ಹಿಡಿದವು.

ದುಃಖದಲ್ಲಿ ಇರುವವನು ಸಹಾಯವನ್ನು ಕೇಳಲಾರನು. ಕೇಳಬಲ್ಲವನಾದರೆ ಅವನ ದುಃಖ ಅರ್ಧ ಇಳಿದಂತೆಯೇ. ಆದಕಾರಣ ನೆರವಾಗುವವನು ಕರೆ ಬರುವ ಮೊದಲೇ ಅಲ್ಲಿರಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವೇನು? ವಾರವಾರವೂ ಬೆಂಚಿನಲ್ಲಿ ಕುಳಿತುಕೊಳ್ಳುವುದು ಬಾವಿಯನ್ನು ಮುಂಚಿತವಾಗಿ ತೋಡಿಡುವ ಕೆಲಸ. ಅದರ ನೀರು ಯಾರಿಗೆ, ಎಂದು ಬೇಕಾದೀತೆಂಬುದು ತೋಡುವವನಿಗೆ ತಿಳಿಯದು.

ಯೆಹೂದ್ಯರ ಸಂಪ್ರದಾಯದಲ್ಲಿ ಈ ತತ್ತ್ವಕ್ಕೆ ಒಂದು ಲೆಕ್ಕವೇ ಉಂಟು. ಸತ್ತವರಿಗಾಗಿ ಹೇಳುವ ಕದ್ದೀಶ್ ಎಂಬ ಪ್ರಾರ್ಥನೆಗೆ 10 ಮಂದಿ ಕೂಡಿರಬೇಕು. ಒಂಬತ್ತು ಜನರಿದ್ದು ಹತ್ತನೆಯವನು ಬಾರದಿದ್ದರೆ, ತಂದೆಯನ್ನು ಕಳೆದುಕೊಂಡ ಮಗನು ಅದನ್ನು ಹೇಳದೆಯೇ ಹಿಂದಿರುಗಬೇಕು. ಹತ್ತನೆಯವನಿಗೆ ಅಂದು ಭಕ್ತಿ ಉಕ್ಕಿತೋ ಇಲ್ಲವೋ ಎಂದು ಯಾರೂ ಕೇಳರು. ಅವನು ಬಂದನೆಂಬುದೇ ಅವನ ಪ್ರಾರ್ಥನೆ. ಯೋಹಾನನ ಸುವಾರ್ತೆಯಲ್ಲಿಯೂ ತೋಮನ ಪ್ರಸಂಗ ಇದೆ. ಯೇಸು ಎದ್ದುಬಂದ ಸಂಜೆ ಶಿಷ್ಯರು ಕೂಡಿದ್ದಾಗ ತೋಮನೊಬ್ಬನು ಇರಲಿಲ್ಲ. ಅನಂತರ ಅವನು ನಂಬಲಾರೆನೆಂದಾಗ ಉಳಿದವರು ಅವನನ್ನು ಹೊರಗೆ ಹಾಕಲಿಲ್ಲ; ಎಂಟು ದಿನಗಳ ತರುವಾಯ ಅವನು ಅವರ ನಡುವೆಯೇ ಇದ್ದನು. ಸಂದೇಹಪಟ್ಟವನಿಗೆ ಮರಳಿ ಬರಲು ಜನ ಕೂಡಿದ ಒಂದು ಕೊಠಡಿ ಇತ್ತು.

ಮಂಗಳೂರಿನ ಸಭೆಯ ಚರಿತ್ರೆಗೂ ಈ ಮಾತು ಹೊಸದಲ್ಲ. 1834ರಲ್ಲಿ ಬಾಸೆಲ್ ಮಿಶನ್ನಿನವರು ಅಲ್ಲಿಗೆ ಬಂದ ಮೇಲೆ ದೀಕ್ಷಾಸ್ನಾನ ಹೊಂದಿದವರಲ್ಲಿ ಅನೇಕರು ಮನೆಯನ್ನೂ ನಂಟರನ್ನೂ ಕಸುಬನ್ನೂ ಕಳೆದುಕೊಂಡರು. ಮತವನ್ನು ಬಿಟ್ಟವನಿಗೆ ಆಸ್ತಿಯ ಹಕ್ಕು ತಪ್ಪಬಾರದೆಂದು 1850ರಲ್ಲಿ ಕಾಯಿದೆಯಾಯಿತು. 1851ರಲ್ಲಿ ನೇಯ್ಗೆಯ ಕಾರ್ಖಾನೆಯೂ 1865ರಲ್ಲಿ ಹಂಚಿನ ಕಾರ್ಖಾನೆಯೂ ಎದ್ದು ಕೂಲಿಗೆ ದಾರಿಯಾಯಿತು. ಆದರೆ ಕಾಯಿದೆಯು ಅಣ್ಣನನ್ನು ಕೊಡಲಾರದು; ಕಾರ್ಖಾನೆಯು ಅತ್ತಿಗೆಯನ್ನು ಕೊಡಲಾರದು. ಅಂತಹವರಿಗೆ ಪಕ್ಕದ ಬೆಂಚಿನವರೇ ನಂಟರಾಗಬೇಕಾಯಿತು.

ಕಾಗದ ಬಂದ ಮರುವಾರದಿಂದ ಉಪಾಧ್ಯಾಯರು ಮುಂದಿನ ಸಾಲನ್ನು ಬಿಟ್ಟು ಬಾಗಿಲ ಬಳಿಯ ಬೆಂಚಿನಲ್ಲಿ ಕೂರತೊಡಗಿದರು. ಎದ್ದುಹೋಗುವ ಮನಸ್ಸುಳ್ಳವರು ಅಲ್ಲಿಯೇ ಕೂರುವರೆಂಬುದನ್ನು ಅವರು ಕಂಡುಕೊಂಡಿದ್ದರು. ಆದರೆ ಇಲ್ಲಿಯೂ ಒಂದು ಅಪಾಯ ಉಂಟು. ಪರರಿಗಾಗಿ ಬಂದೆನೆಂಬವನು ಬಹುಬೇಗ ಪರರನ್ನು ಕಾಯುವ ಪೊಲೀಸನಾಗಬಲ್ಲನು. "ಕಳೆದ ವಾರ ಏಕೆ ಬರಲಿಲ್ಲ?" ಎಂಬುದು ಹಾಜರಿ ಪುಸ್ತಕದ ಪ್ರಶ್ನೆ, "ತಾಯಿಯವರು ಹೇಗಿದ್ದಾರೆ?" ಎಂಬುದು ಮನುಷ್ಯರ ಪ್ರಶ್ನೆ. ಆಯುಷ್ಯವೆಲ್ಲ ಹಾಜರಿ ಕರೆದ ನಾಲಗೆಗೆ ಈ ವ್ಯತ್ಯಾಸ ಸುಲಭವಾಗಿ ಹತ್ತಲಿಲ್ಲ. ಕೆಲವರನ್ನು ನೋಯಿಸಿ, ಆ ಬಳಿಕ ಅವರು ಸುಮ್ಮನಿರುವುದನ್ನು ಕಲಿತರು. ಗೀತೆಯ ಪುಟವನ್ನು ತೋರಿಸುವುದು, ಬೆಂಚಿನಲ್ಲಿ ಸ್ವಲ್ಪ ಸರಿದು ಸ್ಥಳ ಕೊಡುವುದು, ಇಷ್ಟೇ ಅವರ ಸೇವೆಯಾಯಿತು.

ಒಂದು ಆದಿತ್ಯವಾರ, ಮಡದಿಯು ಇಷ್ಟಪಡುತ್ತಿದ್ದ ಗೀತೆಯನ್ನು ಸಭೆಯು ಹಾಡತೊಡಗಿದಾಗ ಅವರ ಕಂಠ ಕಟ್ಟಿತು. ಪಕ್ಕದಲ್ಲಿದ್ದ ಹುಡುಗಿಯು ಅವರು ಸಾಲನ್ನು ತಪ್ಪಿದರೆಂದು ಭಾವಿಸಿ, ತನ್ನ ಪುಸ್ತಕವನ್ನು ಅವರತ್ತ ಸರಿಸಿ, ಬೆರಳಿಟ್ಟು ತೋರಿಸಿದಳು. ತಾನು ಯಾರಿಗೆ ಏನಾದೆನೆಂದು ಆ ಹುಡುಗಿಗೆ ಎಂದೂ ತಿಳಿಯಲಾರದು. ಪರರಿಗಾಗಿ ಬಂದವರೆಂದು ತಮ್ಮನ್ನು ಎಣಿಸಿಕೊಂಡಿದ್ದ ಉಪಾಧ್ಯಾಯರು ಅಂದು ತಾವೂ ಆ ಪರರಲ್ಲೊಬ್ಬರೆಂದು ಅರಿತರು.

ಅನೇಕ ವಾರಗಳಲ್ಲಿ ಆ ಬೆಂಚಿಗೆ ಯಾರೂ ಬರುವುದಿಲ್ಲ. ಬಂದವರಿಗೆ ಏನೂ ಬೇಕಾಗಿರುವುದಿಲ್ಲ. ಅದರಿಂದ ಬಂದುದು ವ್ಯರ್ಥವಾಯಿತೆಂದು ಅವರು ಈಗ ಎಣಿಸುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಅವರ ಕೈಯಲ್ಲಿ ಎರಡು ಕೊಡೆಗಳಿರುತ್ತವೆ: ಒಂದು ತಮ್ಮದು, ಒಂದು ಮಡದಿಯದು. ಮರೆತು ಬಂದವರು ಯಾರಾದರೂ ಇರಬಹುದಲ್ಲವೆ?