ಚರಗದ ಬುಟ್ಟಿಯ ಲೆಕ್ಕ

ಬೆಳೆ, ದನ, ಕುರಿ, ಕೋಳಿ, ಗೊಬ್ಬರ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ ನಡೆಸುವ ಬೇಸಾಯಕ್ಕೆ ಈಗ 'ಸಮಗ್ರ ಕೃಷಿ ಪದ್ಧತಿ' ಎಂದು ಹೆಸರು. ಜತ್ತ ತಾಲೂಕಿನ ನಮ್ಮ ಹಿರಿಯರಿಗೆ ಈ ಹೆಸರು ಗೊತ್ತಿರಲಿಲ್ಲ. ಅವರು ಅದನ್ನು ಬರೀ ಒಕ್ಕಲುತನ ಎನ್ನುತ್ತಿದ್ದರು.

ನಮ್ಮದು ಮಳೆ ಕಡಿಮೆ ಬೀಳುವ ಸೀಮೆ. ಮುಂಗಾರಿಗೆ ಸಜ್ಜಿಯ ನಡುವೆ ತೊಗರಿ, ಮಡಕಿ, ಹುರಳಿ ಅಕ್ಕಡಿ ಹಾಕುತ್ತಿದ್ದರು. ಹಿಂಗಾರಿಗೆ ಎರೆಹೊಲದಲ್ಲಿ ಮಾಲದಂಡಿ ಜೋಳ, ಜೊತೆಗೆ ಕಡಲೆ, ಹೊಲದ ಅಂಚಿಗೆ ಕುಸುಬಿ. ಕುಸುಬಿಯ ಮುಳ್ಳಿಗೆ ಹೆದರಿ ದನ ಒಳಗೆ ಬರುತ್ತಿರಲಿಲ್ಲ. ಅದರ ಎಳೆ ಎಲೆ ಪಲ್ಲೆಗೆ, ಬೀಜ ಎಣ್ಣೆಗೆ. ಜೋಳದ ಕಣಿಕೆ ಖಿಲಾರಿ ಎತ್ತಿಗೆ. ಸುಗ್ಗಿ ಮುಗಿದ ಮೇಲೆ ಮಾಡಗ್ಯಾಳ ಕುರಿಗಳು ಹೊಲದಲ್ಲಿ ತಂಗುತ್ತಿದ್ದವು, ಹಿಕ್ಕೆಯೇ ಗೊಬ್ಬರ. ಈ ತಳಿಗೆ ಹೆಸರು ಬಂದದ್ದು ನಮ್ಮ ತಾಲೂಕಿನ ಮಾಡಗ್ಯಾಳ ಊರಿನಿಂದಲೇ!

ಇದರಲ್ಲಿ ವಿಜ್ಞಾನವೂ ಇದೆ. ಜೋಳದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ, ಬೇಳೆಕಾಳಿನಲ್ಲಿ ಅದು ಹೆಚ್ಚು. ರೊಟ್ಟಿಯ ಜೊತೆ ಕಾಳುಪಲ್ಲೆ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹೊಲದಲ್ಲೂ ಹಾಗೆಯೇ. ತೊಗರಿ, ಕಡಲೆಯ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಹೊಲದಲ್ಲಿ ಜೊತೆಗಿದ್ದದ್ದು ತಾಟಿನಲ್ಲೂ ಜೊತೆಗಿತ್ತು.

ಈ ಪಾಠ ಮಾಡುವಾಗ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಒಯ್ದ ಬುಟ್ಟಿಯಲ್ಲಿ ಏನೇನಿತ್ತು? ಅದರಲ್ಲಿ ಸ್ವಂತ ಹೊಲದ್ದು ಯಾವುದು, ಅಂಗಡಿಯದ್ದು ಯಾವುದು? ಸಜ್ಜಿ ರೊಟ್ಟಿ, ಕಡಬು, ಪುಂಡಿಪಲ್ಲೆ, ಬದನೆಕಾಯಿ, ಶೇಂಗಾ ಹೋಳಿಗೆ ಎಂದು ಎಲ್ಲರೂ ಉತ್ಸಾಹದಿಂದ ಬರೆದರು. ಆದರೆ ಹೆಚ್ಚಿನವರ ಪಟ್ಟಿಯಲ್ಲಿ 'ಅಂಗಡಿ' ಎಂಬ ಮಾತೇ ಉದ್ದವಾಗಿತ್ತು. ಭೂಮಿತಾಯಿಗೆ ಉಣಿಸುವ ಎಡೆಯನ್ನೂ ಕೊಂಡು ತರುವ ಕಾಲ ಬಂತು.

ದ್ರಾಕ್ಷಿ, ದಾಳಿಂಬೆ ಬೆಳೆಯುವವರನ್ನು ನಾನು ದೂರುವುದಿಲ್ಲ. ಆ ದುಡ್ಡಿನಿಂದಲೇ ನಮ್ಮ ಎಷ್ಟೋ ಮಕ್ಕಳು ಕಾಲೇಜು ಕಂಡಿದ್ದಾರೆ. ಆದರೆ ದಾಳಿಂಬೆಗೆ ತೇಲ್ಯಾ ರೋಗ ಬಿದ್ದ ವರ್ಷ ದುಡ್ಡೂ ಇಲ್ಲ, ಕಾಳೂ ಇಲ್ಲ. ನಮ್ಮ ತರಗತಿಯ ಒಬ್ಬ ಹುಡುಗನ ತಂದೆ ತಾಯಿ ತೋಟ ಕಳೆದುಕೊಂಡು ಕಬ್ಬು ಕಡಿಯಲು ಹೋಗಿದ್ದಾರೆ. ಅವನು ಅಜ್ಜಿಯ ಹತ್ತಿರ ಇದ್ದಾನೆ. ಅಜ್ಜಿ ಮಾತ್ರ ತನ್ನ ಅರ್ಧ ಎಕರೆಯಲ್ಲಿ ಅಕ್ಕಡಿ ಬಿಟ್ಟಿಲ್ಲ. "ಮಾಸ್ತರ, ತೋಟಕ್ಕ ರೋಗ ಬಂದ್ರ ಎಲ್ಲಾ ಹೋತು. ನನ್ನ ಹೊಲದಾಗ ಒಂದು ಹೋದ್ರ ಇನ್ನೊಂದು ಉಳಿತೈತಿ. ಮೊಮ್ಮಗ ಉಪವಾಸ ಬೀಳಂಗಿಲ್ಲ" ಎಂದಳು. ಆಹಾರ ಭದ್ರತೆಗೆ ಇದಕ್ಕಿಂತ ಸರಳ ಅರ್ಥ ನನಗೆ ಎಲ್ಲೂ ಸಿಕ್ಕಿಲ್ಲ.

ಶಾಲೆಯ ಪೋಷಣ ಆಹಾರದಲ್ಲಿ ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ನಿಯಮವಿದೆ. ಅಕ್ಕಿ ಬರುತ್ತದೆ, ತರಕಾರಿಯದ್ದೇ ಕಷ್ಟ. ಅದಕ್ಕೆ ಕೈ ತೊಳೆಯುವ ನೀರು ಹರಿಯುವ ಕಡೆ ನುಗ್ಗಿ, ಪುಂಡಿ, ಮೆಂತ್ಯೆ ಹಾಕಿದ್ದೇವೆ. ಮಡಿಯ ಅಂಚಿಗೆ ಅಜ್ಜಿ ಕೊಟ್ಟ ಮಡಕಿ ಬೀಜ ಬಿತ್ತಿದ್ದೇವೆ. ಅದಕ್ಕೆ ನೀರು ಹಾಕುವವನು ಅವಳ ಮೊಮ್ಮಗನೇ.

ಗಡಿಭಾಗದ ಶಿಕ್ಷಕ ಮಿತ್ರರೇ, ನಿಮ್ಮ ಮಕ್ಕಳಿಂದಲೂ ಒಮ್ಮೆ ಈ ಲೆಕ್ಕ ಮಾಡಿಸಿ ನೋಡಿ. ಪಾಲಕರ ಸಭೆಯಲ್ಲಿ ಒಂದೇ ಮಾತು ಹೇಳಿ: ತೋಟ ಇರಲಿ, ಆದರೆ ಮನೆಯ ಉಣ್ಣುವ ಕಾಳಿಗೆ ನಾಲ್ಕು ಗುಂಟೆಯಾದರೂ ಬಿಡಿ.