ಒತ್ತು, ಹಿಡಿ, ಬಿಡು

ಹಾಸನದಿಂದ ಹೊಳೆನರಸೀಪುರಕ್ಕೋ ಚನ್ನರಾಯಪಟ್ಟಣಕ್ಕೋ ಹೋಗುವಾಗ ಬ್ರೇಕಿನ ನೆನಪೇ ಬರುವುದಿಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಮಾತ್ರ ಮನೆಮಂದಿಯ ಪ್ರಾಣವೆಲ್ಲ ಆ ಪೆಡಲಿನ ಮೇಲೆ. ಅದು ಸ್ಪಂಜಿನಂತೆ ಮೆತ್ತಗಾದರೆ ಪೈಪಿನಲ್ಲಿ ಗಾಳಿ ಸೇರಿರಬಹುದು. ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗದೆ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಗಾಳಿ ತಾನೇ ಕುಗ್ಗಿಬಿಡುತ್ತದೆ. 17ನೇ ಶತಮಾನದ ಪಾಸ್ಕಲ್ ನಿಯಮವನ್ನು ಹತ್ತನೇ ತರಗತಿಯ ಮೊಮ್ಮಗಳಿಗೆ ನಮ್ಮ ಹಳೆಯ ಕಾರಿನಲ್ಲೇ ತೋರಿಸಿದೆ.

ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಇಬ್ಬರ ಕೀಲಿ ಬೇಕಾದಂತೆ ಇದಕ್ಕೂ ಇಬ್ಬರು ಬೇಕು. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಚಕ್ರಗಳಿಗೆ ಕಲ್ಲು ಕೊಟ್ಟೆವು. ಅವಳು ಸೀಟಿನಲ್ಲಿ, ನಾನು ಹಿಂದಿನ ಚಕ್ರದ ಬಳಿ.

"ಒತ್ತಿ ಹಿಡಿ, ಪುಟ್ಟಿ."

"ಹಿಡಿದಿದ್ದೀನಿ ತಾತ."

ಬ್ಲೀಡರ್ ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಿದೆ. ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳು ಬಾಟಲಿಗೆ ಇಳಿದವು. ಬಿಗಿದ ಮೇಲೆಯೇ "ಬಿಡು" ಅಂದೆ. ಮೊದಲೇ ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ! ಗುಳ್ಳೆ ನಿಲ್ಲುವವರೆಗೆ ನಾಲ್ಕು ಚಕ್ರಕ್ಕೂ ಇದೇ ಕ್ರಮ. ನಡುನಡುವೆ ಬಾನೆಟ್ಟಿನ ಕೆಳಗಿನ ಡಬ್ಬಿಗೆ ಆಯಿಲ್ ತುಂಬುತ್ತಿರಬೇಕು. ಅದು ಖಾಲಿಯಾದರೆ ಅಲ್ಲಿಂದಲೂ ಗಾಳಿ ನುಗ್ಗುತ್ತದೆ.

ಡಾಟ್ 3 ಅಥವಾ ಡಾಟ್ 4, ಕಾರಿನ ಪುಸ್ತಕ ಹೇಳಿದ್ದನ್ನೇ ಹಾಕಿ, ಅದೂ ಹೊಸ ಸೀಲು ಒಡೆದು. ತೆರೆದಿಟ್ಟ ಆಯಿಲ್ ತೇವ ಹೀರುತ್ತದೆ. ಘಾಟಿಯ ಕಾವಿಗೆ ಕುದಿದು ಆವಿಯಾದರೆ ಅದೂ ಗಾಳಿಯಂತೆಯೇ ಕೈಕೊಡುತ್ತದೆ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಿರಿ.

ಎಬಿಎಸ್ ಇರುವ ಕಾರಾದರೆ ಗ್ಯಾರೇಜೇ ಸರಿ. ಇಷ್ಟಾದರೂ ಪೆಡಲ್ ಗಟ್ಟಿಯಾಗದಿದ್ದರೆ, ಎಲ್ಲಾದರೂ ಸೋರುತ್ತಿದ್ದರೆ, ಗಾಡಿಯನ್ನು ಗೇಟಿನಾಚೆ ತೆಗೆಯಬೇಡಿ. ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.