ಸಹಿಯ ಮೇಲಿನ ಸಾಲುಗಳು

ವಲಾಂಡಿ ಕಡೆಯ ಪಾಲಕರು ಜಮೀನಿನ ಕಾಗದಗಳೊಂದಿಗೆ ಒಮ್ಮೊಮ್ಮೆ ಶಾಲೆಯ ಕಾಗದಗಳನ್ನೂ ನನ್ನ ಮುಂದಿಡುತ್ತಾರೆ. ಕಳೆದ ವರ್ಷ ಶಾಲಾ ವ್ಯವಸ್ಥಾಪನ ಸಮಿತಿಯ ಸದಸ್ಯೆಯೊಬ್ಬರು ಠರಾವಿನ ನಕಲು ತೋರಿಸಿ, "ವಕೀಲ ಸಾಹೇಬ್ರ, ನಾ ಸಹಿ ಮಾಡೀನಿ, ಇದ್ರಾಗ ಏನ್ ಬರ್ದಾರ್ರೀ?" ಎಂದು ಕೇಳಿದರು. ಬರಹವೆಲ್ಲ ಮರಾಠಿಯಲ್ಲಿತ್ತು: ಬಣ್ಣ, ಚಾಪೆ, ನಲ್ಲಿ ದುರಸ್ತಿ. ಲೆಕ್ಕ ತಪ್ಪೆನ್ನಲು ನನ್ನಲ್ಲಿ ಆಧಾರವಿರಲಿಲ್ಲ. ಪಾವತಿಗಳನ್ನು ಸದಸ್ಯರಾರೂ ನೋಡಿರದ ಕಾರಣ ಸರಿಯೆನ್ನಲೂ ಇರಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮಿನಂತೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ ತಾಯಂದಿರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಅನುದಾನದ ವಿನಿಯೋಗದ ಮೇಲೆ ನಿಗಾ ಇಡುವುದು ಅವರಿಗೆ ಕಾಯ್ದೆಯೇ ವಹಿಸಿದ ಕೆಲಸ. ಸಮಗ್ರ ಶಿಕ್ಷಾ ಯೋಜನೆಯ ಸಂಯುಕ್ತ ಅನುದಾನ 31ರಿಂದ 100 ಮಕ್ಕಳಿರುವ ಸರ್ಕಾರಿ ಶಾಲೆಗೆ ವರ್ಷಕ್ಕೆ 25,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ. ಇಷ್ಟರಲ್ಲೇ ಹುಡುಗಿಯರ ಶೌಚಾಲಯಕ್ಕೆ ನೀರು ಬರಬೇಕು.

ಲೆಕ್ಕಪರಿಶೋಧಕರು ಯಾವಾಗಲೋ ಬಂದು ರಸೀದಿ ನೋಡುತ್ತಾರೆ. ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂಬುದು ಮಕ್ಕಳಿಗೆ ನಿತ್ಯವೂ ಗೊತ್ತು.

ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿದರೆ 30 ದಿನಗಳಲ್ಲಿ ಉತ್ತರ ಬರಬೇಕು. ಆದರೆ ಇಲ್ಲಿ ಆ ಅರ್ಜಿ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಕುಂದುಕೊರತೆಯ ಮನವಿಯನ್ನು ಕನ್ನಡದಲ್ಲೇ ಕೊಡಲು ಸಂವಿಧಾನದ 350ನೆಯ ವಿಧಿ ಆಧಾರವಾಗುತ್ತದೆ. ಆದರೂ ಮೊದಲೇ ಅರ್ಜಿಯ ದಾರಿ ಹಿಡಿಯಬೇಡಿರೆಂದು ಆ ತಾಯಿಗೆ ಹೇಳಿದೆ. ಸಹಿಗೆ ಮುನ್ನ ಜಮಾಖರ್ಚನ್ನು ಕನ್ನಡದಲ್ಲಿ ಓದಿಸಿರಿ ಎಂದಷ್ಟೇ ಸೂಚಿಸಿದೆ.

ಮುಂದಿನ ಸಭೆಯಲ್ಲಿ ಗುರುಗಳು ಬೇಸರಿಸದೆ ಓದಿದರಂತೆ. ನಲ್ಲಿಯ ಸಾಲು ಬಂದಾಗ ಹಿಂದಿನಿಂದ ಒಬ್ಬಾಕೆ, "ಯಾವ ನಲ್ಲಿರೀ?" ಎಂದರಂತೆ. ಸಭೆ ಎದ್ದು ನಲ್ಲಿ ನೋಡಲು ಹೋಯಿತು.